ಬಾಯಿಯ ದುರ್ಗಂಧ: ಯಾರೂ ಹೇಳದ ದೋಷ

ಮನುಷ್ಯನಲ್ಲಿರುವ ಕುಂದುಕೊರತೆಗಳು ಎರಡು ಬಗೆಯವು. ತನಗೆ ತಿಳಿದಿದ್ದು ಇತರರಿಗೆ ತಿಳಿಯದಂತೆ ಮುಚ್ಚಿಟ್ಟುಕೊಳ್ಳಬಹುದಾದವು ಕೆಲವು. ಊರಿಗೆಲ್ಲ ತಿಳಿದಿದ್ದು ತನಗೊಬ್ಬನಿಗೆ ಮಾತ್ರ ತಿಳಿಯದೆ ಉಳಿಯುವಂತಹವು ಮತ್ತೆ ಕೆಲವು. ಬಾಯಿಯ ದುರ್ಗಂಧವು ಈ ಎರಡನೆಯ ಬಗೆಗೆ ಸೇರಿದುದು. ‘ತನ್ನ ಬೆನ್ನು ತನಗೆ ಕಾಣದು’ ಎಂಬ ಗಾದೆಯು ಇದಕ್ಕೆ ಚೆನ್ನಾಗಿ ಒಪ್ಪುವುದು. ಬೆನ್ನನ್ನಾದರೂ ಎರಡು ಕನ್ನಡಿಗಳ ನಡುವೆ ನಿಂತು ನೋಡಿಕೊಳ್ಳಬಹುದು. ಉಸಿರನ್ನು ತೋರಿಸತಕ್ಕ ಕನ್ನಡಿ ಯಾರ ಮನೆಯಲ್ಲಿಯೂ ಇಲ್ಲ.

ಇದರಿಂದ ಒದಗುವ ಕಷ್ಟ ಸಣ್ಣದಲ್ಲ. ಕಚೇರಿಯೊಂದರಲ್ಲಿ ಒಬ್ಬ ಗುಮಾಸ್ತನಿರುವನೆನ್ನೋಣ. ಕೆಲಸದಲ್ಲಿ ಚುರುಕು, ನಡತೆಯಲ್ಲಿ ಸೌಮ್ಯ. ಆದರೂ ಆತನು ಕಾಗದಪತ್ರಗಳನ್ನು ಹಿಡಿದು ಬಳಿಗೆ ಬಂದೊಡನೆ ಮೇಲಧಿಕಾರಿಯು ಕುರ್ಚಿಯನ್ನು ಹಿಂದಕ್ಕೆ ಸರಿಸುವನು. ಜೊತೆಯವರು ಕಾಫಿಗೆ ಹೊರಟಾಗ ಆತನನ್ನು ಕರೆಯಲು ಮರೆಯುವರು. ತನ್ನ ಮೇಲೆ ಇವರಿಗೆಲ್ಲ ಏಕೋ ಅಸಮಾಧಾನವೆಂದು ಆತನು ಒಳಗೊಳಗೇ ಕೊರಗುವನು. ಹೊಸದಾಗಿ ಮದುವೆಯಾದ ಹೆಣ್ಣು ಗಂಡನು ಮಾತನಾಡಿಸಿದಾಗ ಮುಖವನ್ನು ಆಚೆಗೆ ತಿರುಗಿಸಿದರೆ, ಅದನ್ನು ಗರ್ವವೆಂದೋ ತಾತ್ಸಾರವೆಂದೋ ಬಗೆದು ಮನೆಯವರು ದೂರುವುದುಂಟು. ನಿಜವಾದ ಕಾರಣವನ್ನು ಆಕೆ ಬಾಯಿಬಿಟ್ಟು ಹೇಳಲಾರಳು. ಆತನಿಗೆ ಅದು ತಾನಾಗಿ ಹೊಳೆಯದು. ಹೀಗೆ ಐದು ನಿಮಿಷಗಳ ಮಾತಿನಿಂದ ಮುಗಿಯಬಹುದಾಗಿದ್ದ ಸಂಗತಿಯು ವರ್ಷಗಟ್ಟಲೆ ಎರಡು ಮನಸ್ಸುಗಳ ನಡುವೆ ಗೋಡೆಯಾಗಿ ನಿಲ್ಲುವುದು. ಇಷ್ಟೇ ಆಗಿದ್ದರೆ ಸಹಿಸಬಹುದಾಗಿತ್ತು. ಕೆಲವರಲ್ಲಿ ಈ ವಾಸನೆಯು ಒಳಗೆ ಬೆಳೆಯುತ್ತಿರುವ ರೋಗದ ಮುನ್ಸೂಚನೆಯೂ ಆಗಿರುವುದು. ಆದುದರಿಂದ ನಾಚಿಕೆಯನ್ನು ಬದಿಗಿಟ್ಟು ಇದರ ಕಾರಣಗಳನ್ನು ವಿಚಾರಮಾಡುವುದು ಯುಕ್ತ.

ನಮ್ಮ ಕವಿಗಳು ನಾಯಿಕೆಯ ಉಸಿರಿನ ಪರಿಮಳಕ್ಕೆ ದುಂಬಿಗಳು ಮುತ್ತಿದುವೆಂದು ವರ್ಣಿಸುವುದು ಕಾವ್ಯಗಳಲ್ಲಿ ಬಳಕೆಯ ಸಂಪ್ರದಾಯ. ಬಳಕೆಯ ಮಾತಿನ ಜಾಡೇ ಬೇರೆ. ‘ವಾಸನೆ’ ಎಂಬ ಪದಕ್ಕೆ ಮೂಲದಲ್ಲಿ ಒಳ್ಳೆಯದು ಕೆಟ್ಟದ್ದು ಎಂಬ ಭೇದವಿಲ್ಲ. ಆದರೆ ‘ಬಾಯಿವಾಸನೆ’ ಎಂದೊಡನೆ ‘ದುರ್’ ಎಂಬ ಉಪಸರ್ಗದ ಸಹಾಯವಿಲ್ಲದೆಯೇ ಕೇಳುವವರಿಗೆ ಅರ್ಥವಾಗಿಬಿಡುವುದು. ಈ ದೋಷವು ಎಷ್ಟು ಸಾಮಾನ್ಯವೆಂಬುದಕ್ಕೆ ನಮ್ಮ ಭಾಷೆಯೇ ಸಾಕ್ಷಿ.

ತನಗೇ ಏಕೆ ತಿಳಿಯದು?

ಮೂಗಿನ ಸ್ವಭಾವವೇ ಇದಕ್ಕೆ ಕಾರಣ. ಒಂದೇ ವಾಸನೆಯು ಎಡೆಬಿಡದೆ ತಾಗುತ್ತಿದ್ದರೆ ಮೂಗು ಅದನ್ನು ಗಮನಿಸುವುದನ್ನು ಬಿಟ್ಟುಬಿಡುವುದು. ಊದುಬತ್ತಿಯ ಅಂಗಡಿಯವನಿಗೆ ಊದುಬತ್ತಿಯ ಪರಿಮಳವಾಗಲಿ, ಚರ್ಮ ಹದಮಾಡುವವನಿಗೆ ಆ ಹೊಂಡದ ನಾತವಾಗಲಿ ಸ್ವಲ್ಪ ಹೊತ್ತಿನ ಮೇಲೆ ತಿಳಿಯುವುದಿಲ್ಲ. ಹಗಲಿರುಳೂ ಜೊತೆಗಿರುವ ಸ್ವಂತ ಉಸಿರಿನ ವಿಷಯದಲ್ಲಿಯಂತೂ ಇದು ಪೂರ್ಣವಾಗಿ ನಿಜ. ಅಂಗೈಯನ್ನು ಬಾಯಿಗೆ ಅಡ್ಡಹಿಡಿದು ಊದಿ ಮೂಸಿನೋಡುವುದು ಅನೇಕರು ಮಾಡುವ ಪರೀಕ್ಷೆ, ಅದನ್ನು ನೆಚ್ಚುವಂತಿಲ್ಲ. ಅದಕ್ಕಿಂತ ಉತ್ತಮವಾದ ಸುಲಭೋಪಾಯಗಳು ಎರಡುಂಟು. ಮುಂಗೈಯ ಒಳಬದಿಯನ್ನು ನಾಲಿಗೆಯಿಂದ ನೆಕ್ಕಿ, ಹತ್ತು ಎಣಿಸುವಷ್ಟು ಹೊತ್ತು ಆರಲು ಬಿಟ್ಟು ಮೂಸಿನೋಡುವುದು ಒಂದು. ನಾಲಿಗೆಯ ಹಿಂಭಾಗವನ್ನು ಚಮಚದಿಂದ ಮೆಲ್ಲಗೆ ಕೆರೆದು, ಚಮಚಕ್ಕೆ ಹತ್ತಿದ ಲೋಳೆಯನ್ನು ಸ್ವಲ್ಪ ತಡೆದು ಮೂಸುವುದು ಇನ್ನೊಂದು. ಇವೆರಡಕ್ಕಿಂತಲೂ ನಂಬತಕ್ಕದ್ದು, ಮನೆಯಲ್ಲಿ ಅಕ್ಕರೆಯುಳ್ಳ ಒಬ್ಬರನ್ನು ಮುಚ್ಚುಮರೆಯಿಲ್ಲದೆ ಕೇಳುವುದು. ದೊಡ್ಡ ಆಸ್ಪತ್ರೆಗಳಲ್ಲಿ ಉಸಿರಿನೊಳಗಿನ ಗಂಧಕದ ಅನಿಲಗಳನ್ನು ಅಳೆಯುವ ಯಂತ್ರಗಳಿದ್ದರೂ, ನುರಿತ ವೈದ್ಯರು ಇಂದಿಗೂ ತಮ್ಮ ಮೂಗಿನಿಂದಲೇ ಪರೀಕ್ಷಿಸಿ 0 ಯಿಂದ 5 ರವರೆಗೆ ಅಂಕ ಕೊಡುವ ಪದ್ಧತಿಯನ್ನು ಬಿಟ್ಟಿಲ್ಲ.

ಹೊಟ್ಟೆಯ ಮೇಲೆ ಹೊರಿಸಿದ ಅಪರಾಧ

ಬಾಯಿ ವಾಸನೆ ಬಂದರೆ ‘ಹೊಟ್ಟೆ ಕೆಟ್ಟಿದೆ’ ಎಂದು ತೀರ್ಮಾನಿಸಿ ಹರಳೆಣ್ಣೆ ಕುಡಿಸುವ ಪದ್ಧತಿ ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹೊಟ್ಟೆಯ ಪಾಲಿಗೆ ಇದು ಅನ್ಯಾಯ. ಗಂಟಲಿನಿಂದ ಜಠರಕ್ಕೆ ಹೋಗುವ ಅನ್ನನಾಳವು ಸದಾ ತೆರೆದಿರುವ ಕೊಳವೆಯಲ್ಲ; ನುಂಗುವಾಗ ಮತ್ತು ತೇಗುವಾಗ ಹೊರತು ಉಳಿದ ಕಾಲದಲ್ಲಿ ಅದು ಮುಚ್ಚಿಕೊಂಡಿರುವುದು. ಆದುದರಿಂದ ಜಠರದೊಳಗಿನ ಗಾಳಿ ಪ್ರತಿ ಉಸಿರಿನೊಡನೆಯೂ ಹೊರಬರುವುದು ಸಾಧ್ಯವಿಲ್ಲ. ಹುಳಿತೇಗು, ಎದೆಯುರಿ ಮೊದಲಾದ ತೊಂದರೆಯಿರುವ ಕೆಲವರಲ್ಲಿ ಅದೂ ಕಾರಣವಾಗಬಹುದು. ಆದರೆ ಅಂತಹವರ ಸಂಖ್ಯೆ ಕಡಿಮೆ. ದೀರ್ಘಕಾಲ ಉಳಿಯುವ ದುರ್ಗಂಧದಲ್ಲಿ ನೂರಕ್ಕೆ 80 ರಿಂದ 90 ರಷ್ಟು ಪ್ರಕರಣಗಳ ಮೂಲವು ಬಾಯಿಯೊಳಗೇ ಇರುವುದೆಂದು ವೈದ್ಯರು ತಿಳಿಸುವರು.

ಈ ಸಂಗತಿಯ ಸುಳಿವು ದೊರೆತುದು ಮುನ್ನೂರು ವರ್ಷಗಳಿಗೂ ಹಿಂದೆ. ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ಲೇವನ್‌ಹುಕ್ ಎಂಬ ಬಟ್ಟೆಯ ವ್ಯಾಪಾರಿಯಿದ್ದನು. ಮಸೂರಗಳನ್ನು ಉಜ್ಜಿ ಸೂಕ್ಷ್ಮದರ್ಶಕಗಳನ್ನು ತಯಾರಿಸುವುದು ಆತನ ಹವ್ಯಾಸ. 1683 ರಲ್ಲಿ ಆತನು ತನ್ನ ಹಲ್ಲುಗಳ ಸಂದಿಯಲ್ಲಿದ್ದ ಬಿಳಿಯ ಮಡ್ಡಿಯನ್ನು ತೆಗೆದು ಮಸೂರದಡಿಯಲ್ಲಿಟ್ಟು ನೋಡಿದಾಗ, ಚುರುಕಾಗಿ ಓಡಾಡುವ ಅತಿ ಸಣ್ಣ ಜೀವಿಗಳು ಗೋಚರಿಸಿದುವು. ಆತನು ದಿನವೂ ಉಪ್ಪಿನಿಂದ ಹಲ್ಲುಜ್ಜುತ್ತಿದ್ದವನು! ಒಮ್ಮೆಯೂ ಹಲ್ಲುಜ್ಜದ ಮುದುಕನೊಬ್ಬನ ಬಾಯಿಯಲ್ಲಿಯಂತೂ ಅವು ಲೆಕ್ಕಕ್ಕೆ ಸಿಕ್ಕದಷ್ಟಿದ್ದುವು. ಒಂದು ರಾಜ್ಯದ ಪ್ರಜೆಗಳ ಸಂಖ್ಯೆಗಿಂತಲೂ ಒಬ್ಬನ ಹಲ್ಲಿನ ಮಡ್ಡಿಯಲ್ಲಿರುವ ಜೀವಿಗಳ ಸಂಖ್ಯೆ ಹೆಚ್ಚೆಂದು ಲಂಡನ್ನಿನ ರಾಯಲ್ ಸೊಸೈಟಿಗೆ ಆತನು ಪತ್ರ ಬರೆದನು. ಹಲ್ಲುಜ್ಜದವರೊಡನೆ ನಿಂತು ಮಾತನಾಡುವುದೇ ಕಷ್ಟವಾಗುವಷ್ಟು ದುರ್ನಾತ ಬರುವುದೆಂಬುದನ್ನೂ ಅದೇ ಪತ್ರದಲ್ಲಿ ಸೂಚಿಸಿದ್ದನು.

ಆ ಜೀವಿಗಳೇ ಇಂದು ನಾವು ಬ್ಯಾಕ್ಟೀರಿಯಾ ಎಂದು ಕರೆಯುವ ಸೂಕ್ಷ್ಮಾಣುಗಳು. ಅವುಗಳಲ್ಲಿ ಕೆಲವು ಗಾಳಿಯಾಡದ ಮೂಲೆಗಳಲ್ಲಿ ಮಾತ್ರ ಬದುಕತಕ್ಕವು. ಆಹಾರದ ತುಣುಕು, ಉದುರಿದ ಚರ್ಮದ ಕಣ, ರಕ್ತ, ಲೋಳೆ ಇವುಗಳಲ್ಲಿರುವ ಸಸಾರಜನಕವನ್ನು, ಅಂದರೆ ಪ್ರೋಟೀನನ್ನು, ಅವು ಒಡೆದು ತಿನ್ನುವುವು. ಆ ಪ್ರೋಟೀನಿನಲ್ಲಿ ಅಡಗಿದ್ದ ಗಂಧಕವು ಆಗ ಅನಿಲರೂಪವಾಗಿ ಹೊರಬೀಳುವುದು. ಕೊಳೆತ ಮೊಟ್ಟೆಯ ವಾಸನೆಗೆ ಕಾರಣವಾದ ಹೈಡ್ರೋಜನ್ ಸಲ್ಫೈಡ್ ಮತ್ತು ಕೊಳೆತ ಕೋಸಿನ ನೆನಪು ತರುವ ಮೀಥೈಲ್ ಮರ್ಕ್ಯಾಪ್ಟಾನ್ ಎಂಬವೇ ಇಲ್ಲಿಯ ಮುಖ್ಯ ಅಪರಾಧಿಗಳು. ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಜೋಸೆಫ್ ಟಾನ್‌ಜೆಟಿಚ್ ಎಂಬ ವಿಜ್ಞಾನಿಯು 1960 ಮತ್ತು 1970 ರ ದಶಕಗಳಲ್ಲಿ ನಡೆಸಿದ ಪರಿಶೋಧನೆಗಳಿಂದ ಈ ವಿಷಯ ಖಚಿತವಾಯಿತು.

ನಾಲಿಗೆ, ವಸಡು, ಹಲ್ಲು

ಈ ಸೂಕ್ಷ್ಮಾಣುಗಳ ಮೊದಲನೆಯ ಬೀಡು ನಾಲಿಗೆಯ ಹಿಂಭಾಗ. ಕಣ್ಣಿಗೆ ನುಣುಪಾಗಿ ತೋರಿದರೂ ನಾಲಿಗೆಯ ಮೇಲ್ಮೈಯು ಜಮಖಾನದಂತೆ ಸಣ್ಣ ಸಣ್ಣ ಎಳೆಗಳಿಂದಲೂ ಕುಳಿಗಳಿಂದಲೂ ಕೂಡಿರುವುದು. ಮುಂಭಾಗವು ಹಲ್ಲಿಗೂ ಅಂಗಳಿಗೂ ತಾಗಿ ತಾನಾಗಿ ಶುಚಿಯಾಗುವುದು. ಹಿಂಭಾಗಕ್ಕೆ ಆ ಅನುಕೂಲವಿಲ್ಲ. ಮೂಗಿನ ಹಿಂದಿನಿಂದ ಇಳಿಯುವ ಸಿಂಬಳವೂ ಅಲ್ಲಿಯೇ ಬಂದು ಕೂರುವುದು. ಬೆಳಗ್ಗೆ ನಾಲಿಗೆಯ ಮೇಲೆ ಕಾಣುವ ಬಿಳಿಯ ಅಥವಾ ಹಳದಿಯ ಲೇಪ ಇದೇ. ದಿನಕ್ಕೆರಡು ಬಾರಿ ಹಲ್ಲುಜ್ಜಿಯೂ ವಾಸನೆ ಹೋಗಲಿಲ್ಲವೆಂದು ದುಃಖಿಸುವ ಅನೇಕರು ನಾಲಿಗೆಯ ಕಡೆಗೆ ಗಮನವನ್ನೇ ಕೊಟ್ಟಿರುವುದಿಲ್ಲ.

ಎರಡನೆಯ ಬೀಡು ವಸಡು. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿ, ಅದು ಗಟ್ಟಿಯಾಗಿ ಕಿಟ್ಟವಾದಾಗ ವಸಡು ಕೆಂಪಗೆ ಊದಿಕೊಳ್ಳುವುದು; ಉಜ್ಜುವಾಗ ರಕ್ತ ಬರುವುದು. ರಕ್ತವನ್ನು ಕಂಡು ಹೆದರಿ ಅನೇಕರು ಆ ಭಾಗವನ್ನು ಉಜ್ಜುವುದನ್ನೇ ನಿಲ್ಲಿಸುವರು. ಇದರಿಂದ ರೋಗಕ್ಕೆ ಇನ್ನಷ್ಟು ಎಡೆ ಸಿಕ್ಕಿದಂತಾಗುವುದು. ಕ್ರಮೇಣ ಹಲ್ಲಿಗೂ ವಸಡಿಗೂ ನಡುವೆ ಸಂದಿ ಬಿಟ್ಟು, ಗಾಳಿ ಬೆಳಕಿಲ್ಲದ ಆ ಸಂದಿಯಲ್ಲಿ ಸೂಕ್ಷ್ಮಾಣುಗಳು ಹೆಚ್ಚಿ, ಹಲ್ಲನ್ನು ಹಿಡಿದಿರುವ ಮೂಳೆಯೇ ಕರಗತೊಡಗುವುದು. ನೋವು ಮಾತ್ರ ಅಷ್ಟಾಗಿ ಇರುವುದಿಲ್ಲ. ಹಲ್ಲು ಅಲುಗಾಡಲು ಮೊದಲಾದ ಮೇಲೆಯೇ ಎಚ್ಚರವಾಗುವವರು ಹೆಚ್ಚು. ‘ಕಿಟ್ಟ ತೆಗೆಸಿದರೆ ಹಲ್ಲು ಸಡಿಲವಾಗುವುದು’ ಎಂಬ ನಂಬಿಕೆಯು ನಮ್ಮ ಜನರಲ್ಲಿ ಬಲವಾಗಿದೆ. ವಸ್ತುಸ್ಥಿತಿ ಹಾಗಿಲ್ಲ. ಮೂಳೆ ಕರಗಿ ಮೊದಲೇ ಸಡಿಲವಾಗಿದ್ದ ಹಲ್ಲನ್ನು ಕಿಟ್ಟವು ಗಾರೆಯಂತೆ ಹಿಡಿದು ನಿಲ್ಲಿಸಿದ್ದಿತು. ಅದು ಹೋದಾಗ ಮೊದಲಿನಿಂದ ಇದ್ದ ಸಡಿಲವು ಬಯಲಾಯಿತು, ಅಷ್ಟೆ. ಸಕಾಲದಲ್ಲಿ ತೆಗೆಸಿದ್ದರೆ ಆ ಮೂಳೆಯೇ ಉಳಿಯುತ್ತಿದ್ದಿತು.

ಹುಳುಕು ಹಲ್ಲಿನ ಗುಳಿಯಲ್ಲಿ ಆಹಾರ ಸಿಕ್ಕಿ ಕೊಳೆಯುವುದು ಮೂರನೆಯ ಕಾರಣ. ಕಟ್ಟಿಸಿದ ಹಲ್ಲುಗಳನ್ನು ರಾತ್ರಿಯೂ ತೆಗೆಯದೆ ಮಲಗುವ ವೃದ್ಧರಲ್ಲಿಯೂ ಇದೇ ಅವಸ್ಥೆ. ಆ ಹಲ್ಲುಗಳನ್ನು ಮಲಗುವಾಗ ತೆಗೆದು, ಉಜ್ಜಿ ತೊಳೆದು, ನೀರಿನಲ್ಲಿಡಬೇಕು. ಹಲ್ಲಿನ ಸಂದಿಯನ್ನು ಬೆಂಕಿಕಡ್ಡಿಯಿಂದಲೋ ಪಿನ್ನಿನಿಂದಲೋ ಚುಚ್ಚಿ ತೆಗೆಯುವ ಅಭ್ಯಾಸವು ವಸಡಿಗೆ ಗಾಯಮಾಡುವುದೇ ಹೊರತು ಶುಚಿಮಾಡದು. ಅದಕ್ಕೆಂದೇ ತಯಾರಾದ ನೂಲು ಔಷಧದ ಅಂಗಡಿಗಳಲ್ಲಿ ದೊರೆಯುವುದು.

ಜೊಲ್ಲೆಂಬ ಜೀವನದಿ

ಜೊಲ್ಲು ಎಂದರೆ ಅಸಹ್ಯಪಡುವವರೇ ಹೆಚ್ಚು. ಆದರೆ ಬಾಯಿಯನ್ನು ಹಗಲೆಲ್ಲ ತೊಳೆಯುತ್ತಿರುವ ಜೀವನದಿ ಅದೇ. ಆರೋಗ್ಯವಂತನ ಬಾಯಿಯಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಸ್ರವಿಸುವುದು. ನಿದ್ರೆಯಲ್ಲಿ ಅದು ಬಹಳವಾಗಿ ಕಡಿಮೆಯಾಗುವುದರಿಂದ ಮುಂಜಾನೆಯಲ್ಲಿ ಎಲ್ಲರ ಬಾಯಿಯೂ ಅಷ್ಟಿಷ್ಟು ನಾರುವುದು ಸಹಜ. ಮುಖ ತೊಳೆದು ಹಲ್ಲುಜ್ಜಿ ಏನಾದರೂ ತಿಂದೊಡನೆ ಅದು ಮಾಯವಾಗುವುದರಿಂದ ಅದಕ್ಕಾಗಿ ಚಿಂತಿಸಬೇಕಾದುದಿಲ್ಲ. ಏಕಾದಶಿಯಂತಹ ಉಪವಾಸದ ದಿನಗಳಲ್ಲಿ ಬಾಯಿ ಕಹಿಯಾಗಿ ವಾಸನೆ ಬರುವುದಕ್ಕೂ ಜೊಲ್ಲು ಕಡಿಮೆಯಾಗುವುದು ಒಂದು ಕಾರಣ. ಗಂಟೆಗಟ್ಟಲೆ ಪಾಠ ಹೇಳುವ ಉಪಾಧ್ಯಾಯರು, ವಾದ ಮಾಡುವ ವಕೀಲರು, ಹರಿಕಥೆಯ ದಾಸರು ಇವರ ಬಾಯಿಯು ಒಣಗುವುದು ವೃತ್ತಿಯಿಂದ ಬಂದ ಕಷ್ಟ. ನಡುನಡುವೆ ಒಂದು ಗುಟುಕು ನೀರು ಕುಡಿಯುವುದೇ ಇದಕ್ಕೆ ಪರಿಹಾರ.

ಮೂಗು ಕಟ್ಟಿ ಬಾಯಿಯಿಂದ ಉಸಿರಾಡುವವರಲ್ಲಿಯೂ ಬಾಯಿ ಒಣಗುವುದು. ಅಲರ್ಜಿಗೆ, ಖಿನ್ನತೆಗೆ, ರಕ್ತದ ಒತ್ತಡಕ್ಕೆ ಕೊಡುವ ಔಷಧಗಳಲ್ಲಿ ಕೆಲವು ಜೊಲ್ಲನ್ನು ತಗ್ಗಿಸುವುವು. ಹಾಗೆಂದು ಔಷಧವನ್ನು ತಾವಾಗಿ ನಿಲ್ಲಿಸುವುದು ಅಪಾಯ. ವೈದ್ಯರಿಗೆ ತಿಳಿಸಿದರೆ ಅವರು ಬದಲಿ ಔಷಧವನ್ನೋ ಬೇರೆ ಉಪಾಯವನ್ನೋ ಸೂಚಿಸಬಲ್ಲರು.

ಬೆಳ್ಳುಳ್ಳಿ, ಎಲೆಯಡಿಕೆ, ಹೊಗೆಸೊಪ್ಪು

ಬೆಳ್ಳುಳ್ಳಿ ಈರುಳ್ಳಿಗಳ ವಾಸನೆಯ ಕ್ರಮ ಸ್ವಲ್ಪ ವಿಚಿತ್ರವಾದುದು. ಬೆಳ್ಳುಳ್ಳಿಯ ಚಟ್ನಿ ತಿಂದ ಮೇಲೆ ಎಷ್ಟು ಬಾರಿ ಬಾಯಿ ಮುಕ್ಕಳಿಸಿದರೂ ಗಂಟೆಗಳವರೆಗೆ ಅದರ ವಾಸನೆ ಉಳಿಯುವುದೇಕೆ? ಅದರಲ್ಲಿರುವ ಗಂಧಕದ ಒಂದು ಅಂಶವು ಜೀರ್ಣವಾದ ಮೇಲೆ ರಕ್ತವನ್ನು ಸೇರಿ, ಅಲ್ಲಿಂದ ಶ್ವಾಸಕೋಶಕ್ಕೆ ಬಂದು, ಉಸಿರಿನ ಮೂಲಕ ಹೊರಬೀಳುವುದು. ಬಾಯಿಯನ್ನು ತೊಳೆದು ರಕ್ತವನ್ನು ತೊಳೆಯಲಾಗುವುದೆ? ಅದು ತೀರುವವರೆಗೆ ಕಾಯಲೇಬೇಕು. ಊಟದೊಡನೆ ಹಾಲು, ಪುದೀನ, ಹಸಿಯ ಸೇಬು ಇವನ್ನು ಸೇವಿಸಿದರೆ ವಾಸನೆಯು ತಗ್ಗುವುದೆಂದು ಪ್ರಯೋಗಗಳಿಂದ ಕಂಡುಬಂದಿದೆ.

ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಂಡರೆ ಬಾಯಿ ಶುದ್ಧವಾಗುವುದೆಂಬುದು ಪುರಾತನ ನಂಬಿಕೆ. ಬಾಯಿಗೆ ಸುವಾಸನೆಯನ್ನು ಕೊಡುವ ವಸ್ತುಗಳೆಂದು ಚರಕಸಂಹಿತೆಯಲ್ಲಿ ಜಾಜಿಕಾಯಿ, ಲವಂಗ, ಏಲಕ್ಕಿ, ಪಚ್ಚಕರ್ಪೂರ, ವೀಳ್ಯದೆಲೆಗಳೊಡನೆ ಅಡಿಕೆಯನ್ನೂ ಹೇಳಿದೆ. ಆದರೆ ಅನಂತರದ ಅನುಭವವು ಬೇರೊಂದು ಸತ್ಯವನ್ನು ತೋರಿಸಿಕೊಟ್ಟಿದೆ. ಹೊಗೆಸೊಪ್ಪು ಸೇರಿದ ಎಲೆಯಡಿಕೆಯು ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದು ಮೊದಲೇ ಗೊತ್ತಿದ್ದ ಸಂಗತಿ. ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್ ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2004 ರಲ್ಲಿ ಪ್ರಕಟಿಸಿತು. ಭಾರತದಲ್ಲಿ ಅತಿ ಹೆಚ್ಚು ಅಡಿಕೆಯನ್ನು ಬೆಳೆಯುವ ಕರ್ನಾಟಕಕ್ಕೆ ಇದು ನುಂಗಲಾರದ ತುತ್ತು. 2013 ರಲ್ಲಿ ರಾಜ್ಯ ಸರ್ಕಾರವು ಗುಟ್ಕಾವನ್ನು ನಿಷೇಧಿಸಿತಾದರೂ ಬಾಯಿಯ ಚಟವು ಆಜ್ಞೆಯಿಂದ ಮಾತ್ರವೇ ಅಡಗುವಂತಹುದಲ್ಲ. ಬೀಡಿ ಸಿಗರೇಟುಗಳ ಹೊಗೆಯು ತನ್ನ ನಾತವನ್ನು ಉಸಿರಿನಲ್ಲಿ ಬಿಡುವುದಲ್ಲದೆ ವಸಡಿನ ರೋಗವನ್ನೂ ಹೆಚ್ಚಿಸುವುದು. ಹೊಗೆಸೊಪ್ಪನ್ನು ಸುಟ್ಟು ಮಾಡಿದ ಕರಿಪುಡಿಯಿಂದ ಹಲ್ಲುಜ್ಜುವವರು ಹಲ್ಲನ್ನು ಶುಚಿಗೊಳಿಸುತ್ತಿಲ್ಲ. ಚಟವೊಂದಕ್ಕೆ ದಂತಧಾವನದ ಹೆಸರು ಕೊಟ್ಟಿರುವರು.

ಅಡಿಕೆ ಅಗಿಯುವವರಲ್ಲಿ ಖಾರ ತಾಗಿದರೆ ಬಾಯಿ ಉರಿಯುವುದು, ಬಾಯಿ ಅಗಲವಾಗಿ ತೆರೆಯಲಾಗದಿರುವುದು, ಕೆನ್ನೆಯ ಒಳಗೆ ಬಿಳಿಯ ಅಥವಾ ಕೆಂಪು ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ಅಂತಹ ಬಾಯಿಯ ವಾಸನೆಯನ್ನು ಲವಂಗದಿಂದ ಮರೆಮಾಡುವುದೆಂದರೆ ಉರಿಯುವ ಮನೆಗೆ ಬಾಗಿಲು ಹಾಕಿದಂತೆ.

ಗಂಟಲು, ಮೂಗು ಮತ್ತು ಒಳಗಿನ ರೋಗಗಳು

ಗಂಟಲಿನ ಎರಡು ಬದಿಗಳಲ್ಲಿರುವ ಟಾನ್ಸಿಲ್ ಗ್ರಂಥಿಗಳ ಕುಳಿಗಳಲ್ಲಿ ಕೆಲವರಿಗೆ ಅಕ್ಕಿಕಾಳಿನಷ್ಟು ಗಾತ್ರದ ಹಳದಿಯ ಹರಳುಗಳು ಕಟ್ಟುವುವು. ಕೆಮ್ಮಿದಾಗ ಹೊರಬೀಳುವ ಈ ಹರಳನ್ನು ಹಿಸುಕಿದರೆ ಸಹಿಸಲಾಗದ ನಾತ. ಇದರಿಂದ ಪ್ರಾಣಾಪಾಯವೇನೂ ಇಲ್ಲ. ಪದೇ ಪದೇ ಬಂದರೆ ಗಂಟಲಿನ ತಜ್ಞರನ್ನು ಕಾಣಬಹುದು. ಮೂಗಿನ ಅಕ್ಕಪಕ್ಕದ ಎಲುಬಿನ ಗೂಡುಗಳಲ್ಲಿ ಕೀವು ತುಂಬಿದಾಗಲೂ ಉಸಿರು ನಾರುವುದು.

ತಾಯಂದಿರು ನೆನಪಿಡಬೇಕಾದ ಸಂಗತಿಯೊಂದುಂಟು. ಚಿಕ್ಕ ಮಗುವಿನ ಮೂಗಿನ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬರುತ್ತಿದ್ದರೆ ಅದನ್ನು ನೆಗಡಿಯೆಂದು ಕಡೆಗಣಿಸಬಾರದು. ಹುಣಿಸೆಬೀಜ, ಕಡಲೆಕಾಳು, ಮಣಿ ಮೊದಲಾದುದನ್ನು ಮಗು ಮೂಗಿಗೆ ತುರುಕಿಕೊಂಡು ಮರೆತಿರಬಹುದು. ಅದನ್ನು ಮನೆಯಲ್ಲಿ ಕಡ್ಡಿಯಿಂದ ತೆಗೆಯಹೋದರೆ ಇನ್ನೂ ಒಳಕ್ಕೆ ಹೋಗುವುದು. ಆಟಿಕೆಗಳಲ್ಲಿಯೂ ಗಡಿಯಾರಗಳಲ್ಲಿಯೂ ಇರುವ ಗುಂಡಿಯಾಕಾರದ ಸಣ್ಣ ಬ್ಯಾಟರಿಯಾಗಿದ್ದರಂತೂ ಕೆಲವೇ ಗಂಟೆಗಳಲ್ಲಿ ಒಳಗಿನ ಚರ್ಮವನ್ನು ಸುಟ್ಟುಬಿಡುವುದು. ಒಡನೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಇನ್ನು ದೇಹದ ಒಳಗಿನ ರೋಗಗಳು. ಸಿಹಿಮೂತ್ರ ರೋಗವು ಹತೋಟಿ ಮೀರಿದಾಗ ದೇಹವು ಸಕ್ಕರೆಯನ್ನು ಬಳಸಿಕೊಳ್ಳಲಾರದೆ ಕೊಬ್ಬನ್ನು ಉರಿಸತೊಡಗುವುದು. ಆಗ ಹುಟ್ಟುವ ಅಸಿಟೋನ್ ಎಂಬ ವಸ್ತುವಿನಿಂದ ಉಸಿರಿಗೆ ಅತಿಯಾಗಿ ಕಳಿತ ಹಣ್ಣಿನ ವಾಸನೆ ಬರುವುದು. ಇದರೊಡನೆ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ, ದೀರ್ಘವಾದ ಏದುಸಿರು ಕಂಡರೆ ಅದು ಪ್ರಾಣಕ್ಕೇ ಸಂಬಂಧಪಟ್ಟ ವಿಷಯ; ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಹೋಗಬೇಕು. ಸಿಹಿಮೂತ್ರವಿರುವವರಿಗೆ ವಸಡಿನ ರೋಗ ಬೇಗ ತಗಲುವುದು; ವಸಡಿನ ರೋಗವಿದ್ದರೆ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವುದು ಕಷ್ಟವಾಗುವುದು. ಒಂದಕ್ಕೊಂದು ಪೋಷಕವಾದ ಈ ಜೋಡಿಯ ವಿಷಯದಲ್ಲಿ ಎಚ್ಚರ ಅಗತ್ಯ. ಮೂತ್ರಪಿಂಡಗಳು ಕೆಟ್ಟಾಗ ಉಸಿರಿನಲ್ಲಿ ಅಮೋನಿಯದ ಘಾಟು, ಯಕೃತ್ತು ಸೋತಾಗ ಮುಗ್ಗಿದ ಸಿಹಿವಾಸನೆ, ಶ್ವಾಸಕೋಶದಲ್ಲಿ ಕೀವು ಕಟ್ಟಿದಾಗ ಕಫದೊಡನೆ ದುರ್ನಾತ, ಹೀಗೆ ಒಂದೊಂದು ರೋಗಕ್ಕೆ ಒಂದೊಂದು ಲಕ್ಷಣ. ಇವು ವಿರಳವೆಂಬುದು ನಿಜ. ಹಲ್ಲು ನಾಲಿಗೆಗಳು ಶುಚಿಯಾಗಿದ್ದೂ ವಾಸನೆ ಉಳಿದರೆ ಮಾತ್ರ ಇವುಗಳ ಕಡೆಗೆ ಗಮನಹರಿಸಬೇಕು.

ನಿವಾರಣೆಯ ಮಾರ್ಗ

ಕಾರಣಗಳು ಇಷ್ಟಿದ್ದರೂ ಬಹುಜನರಿಗೆ ಬೇಕಾದ ಪರಿಹಾರವು ಸರಳವಾದುದೇ. ನಾಲಿಗೆಯನ್ನು ಹೆರೆಯುವುದು ಅದರಲ್ಲಿ ಮೊದಲನೆಯದು. ನಮ್ಮ ದೇಶಕ್ಕೆ ಇದು ಹೊಸತಲ್ಲ. ಬಂಗಾರ, ಬೆಳ್ಳಿ, ತಾಮ್ರ, ತವರ, ಹಿತ್ತಾಳೆಗಳಿಂದ ಮಾಡಿದ, ಹರಿತವಿಲ್ಲದ, ಬಾಗಿದ ಪಟ್ಟಿಯಿಂದ ನಾಲಿಗೆಯನ್ನು ಹೆರೆದುಕೊಳ್ಳಬೇಕೆಂದು ಚರಕಸಂಹಿತೆಯು ವಿಧಿಸಿದೆ; ನಾಲಿಗೆಯ ಬುಡದ ಕೊಳೆಯೇ ದುರ್ಗಂಧಕ್ಕೆ ಕಾರಣವೆಂಬುದನ್ನೂ ಅಲ್ಲಿಯೇ ತಿಳಿಸಿದೆ. ಬ್ರಷ್ಷಿನಿಂದ ಉಜ್ಜುವುದಕ್ಕಿಂತ ಪಟ್ಟಿಯಿಂದ ಹೆರೆಯುವುದು ಸ್ವಲ್ಪಮಟ್ಟಿಗೆ ಮೇಲೆಂದು ಇಂದಿನ ಪರೀಕ್ಷೆಗಳೂ ಹೇಳುವುವು. ಹಿಂದಿನಿಂದ ಮುಂದಕ್ಕೆ, ಮೆಲ್ಲಗೆ, ಮೂರು ನಾಲ್ಕು ಬಾರಿ ಎಳೆದರೆ ಸಾಕು; ರಕ್ತ ಬರುವಂತೆ ಕೆರೆಯುವುದು ಶೌರ್ಯವಲ್ಲ. ಇದರ ಗುಣವು ಹೆಚ್ಚು ಹೊತ್ತು ನಿಲ್ಲದುದರಿಂದ ದಿನವೂ ಮಾಡಬೇಕು.

ಬೇವು, ಹೊಂಗೆಗಳ ಕಡ್ಡಿಯಿಂದ ಹಲ್ಲುಜ್ಜುವ ಪದ್ಧತಿ ಒಳ್ಳೆಯದೇ. ಕಹಿ ಮರಗಳಲ್ಲಿ ಬೇವು ಶ್ರೇಷ್ಠವೆಂದು ಸುಶ್ರುತನ ಮತ. ಇದ್ದಿಲಪುಡಿ, ಇಟ್ಟಿಗೆಪುಡಿ, ಬೂದಿಗಳು ಮಾತ್ರ ಹಲ್ಲಿನ ಹೊಳಪಿನ ಪದರವನ್ನು ಸವೆಸುವುವು. ರಾತ್ರಿ ಮಲಗುವ ಮುನ್ನ ಉಜ್ಜುವುದು ಬೆಳಗ್ಗೆ ಉಜ್ಜುವುದಕ್ಕಿಂತಲೂ ಮುಖ್ಯ. ಏಕೆಂದರೆ ಜೊಲ್ಲಿನ ರಕ್ಷಣೆಯಿಲ್ಲದ ಕಾಲ ಅದು. ವರ್ಷಕ್ಕೆ ಒಂದೆರಡು ಬಾರಿಯಾದರೂ ದಂತವೈದ್ಯರನ್ನು ಕಾಣಬೇಕು. ಬೆಂಗಳೂರಿನಲ್ಲಿ 1958 ರಲ್ಲಿ ಸರ್ಕಾರಿ ದಂತವೈದ್ಯ ಕಾಲೇಜು ಆರಂಭವಾಯಿತು. 1965 ರಲ್ಲಿ ಮಣಿಪಾಲದಲ್ಲಿಯೂ ಒಂದು ಕಾಲೇಜು ಸ್ಥಾಪನೆಯಾಯಿತು. ಇಂದು ಜಿಲ್ಲಾ ಆಸ್ಪತ್ರೆಗಳಲ್ಲಿಯೂ ದಂತವೈದ್ಯರಿರುವರು. ಹಲ್ಲು ಕೀಳಿಸುವುದಕ್ಕೆ ಮಾತ್ರ ಅವರ ಬಳಿಗೆ ಹೋಗುವುದು ನಮ್ಮ ತಪ್ಪು.

ಬಾಯಿ ಮುಕ್ಕಳಿಸುವ ಸೀಸೆಯ ಔಷಧಗಳ ಕಥೆಯು ಸ್ವಾರಸ್ಯವಾದುದು. ಲಿಸ್ಟರೀನ್ ಎಂಬುದು 1879 ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಕ್ರಿಮಿಗಳನ್ನು ಕೊಲ್ಲುವುದಕ್ಕೆಂದು ತಯಾರಾದುದು. ಇಂಗ್ಲೆಂಡಿನ ಶಸ್ತ್ರವೈದ್ಯ ಜೋಸೆಫ್ ಲಿಸ್ಟರನ ಗೌರವಾರ್ಥವಾಗಿ ಆ ಹೆಸರು. 1920 ರ ದಶಕದಲ್ಲಿ ಅದರ ಒಡೆಯರು ವೈದ್ಯಗ್ರಂಥಗಳ ಮೂಲೆಯಲ್ಲಿದ್ದ ‘ಹ್ಯಾಲಿಟೋಸಿಸ್’ ಎಂಬ ಪದವನ್ನು ಹೊರತೆಗೆದು, ಬಾಯಿವಾಸನೆಯ ದೆಸೆಯಿಂದ ಮದುವೆಯಾಗದೆ ಉಳಿದ ಚೆಲುವೆಯ ಚಿತ್ರಗಳನ್ನು ಪತ್ರಿಕೆಗಳಲ್ಲಿ ತುಂಬಿದರು. ಸರಕು ಅದೇ, ಭಯವನ್ನು ಬೆರೆಸಿ ಮಾರಿದಾಗ ಮಾರಾಟ ಬೆಳೆಯಿತು. ಇಂತಹ ದ್ರವಗಳು ಪೂರ್ತಿ ನಿಷ್ಪ್ರಯೋಜಕವಲ್ಲ. ಸತುವಿನ ಅಂಶವಿರುವವು ಗಂಧಕದ ಅನಿಲವನ್ನು ಕಟ್ಟಿಹಾಕುವುವು. ಕ್ಲೋರ್‌ಹೆಕ್ಸಿಡಿನ್ ಸೂಕ್ಷ್ಮಾಣುಗಳನ್ನು ತಗ್ಗಿಸುವುದು, ಆದರೆ ಬಹುದಿನ ಬಳಸಿದರೆ ಹಲ್ಲಿನ ಮೇಲೆ ಕಂದು ಕಲೆ ಬೀಳುವುದು. ವಸಡಿನ ರೋಗವನ್ನಾಗಲಿ ಹುಳುಕನ್ನಾಗಲಿ ಯಾವ ಸೀಸೆಯೂ ವಾಸಿಮಾಡದು.

ಇಲ್ಲದ ವಾಸನೆಯ ಭಯ

ವಾಸನೆಯೇ ಇಲ್ಲದಿದ್ದರೂ ಇದೆಯೆಂದು ನಂಬಿ ನರಳುವವರೂ ಉಂಟು. ಎದುರಿಗಿದ್ದವರು ಸುಮ್ಮನೆ ಮೂಗು ಸವರಿಕೊಂಡರೂ ತಮ್ಮ ಬಾಯಿಗಾಗಿಯೇ ಎಂದು ಇವರ ಶಂಕೆ. ಕೈಯನ್ನು ಬಾಯಿಗೆ ಅಡ್ಡಹಿಡಿಯದೆ ಮಾತನಾಡರು. ಮದುವೆ ಮುಂಜಿಗಳಿಗೆ ಹೋಗರು. ದಿನಕ್ಕೆ ಹತ್ತು ಬಾರಿ ಹಲ್ಲುಜ್ಜಿ ವಸಡನ್ನೇ ಸವೆಸಿಕೊಳ್ಳುವರು. ದಂತವೈದ್ಯರು ಪರೀಕ್ಷಿಸಿ ಏನೂ ಇಲ್ಲವೆಂದರೂ ಇವರಿಗೆ ನಂಬಿಕೆ ಬಾರದು. ಇದೊಂದು ಮನಸ್ಸಿನ ವ್ಯಾಧಿ. ಇಂತಹವರನ್ನು ಗೇಲಿಮಾಡದೆ, ಮನೋವೈದ್ಯರ ಸಲಹೆ ಪಡೆಯುವಂತೆ ಮಾಡುವುದು ಮನೆಯವರ ಕರ್ತವ್ಯ. ಚಿಕಿತ್ಸೆಯಿಂದ ಗುಣವಾಗುವ ಭರವಸೆಯುಂಟು.

ಹೇಳುವುದು ಹೇಗೆ?

ಉಳಿದ ಪ್ರಶ್ನೆ ಇದೊಂದೇ. ‘ಮಾತು ಬೆಳ್ಳಿ, ಮೌನ ಬಂಗಾರ’ ಎಂಬ ಗಾದೆ ಎಲ್ಲ ವಿಷಯಗಳಿಗೂ ಹೊಂದುವುದಿಲ್ಲ. ಇಲ್ಲಿ ಮೌನವು ದಾಕ್ಷಿಣ್ಯದ ವೇಷ ತೊಟ್ಟ ಅಪಕಾರ. ನಾಲ್ಕು ಜನರ ಎದುರಿನಲ್ಲಿ ಹೇಳಬಾರದು, ಹಾಸ್ಯಮಾಡಿ ಹೇಳಬಾರದು, ಊರಿನವರೆಲ್ಲ ಹೀಗೆನ್ನುತ್ತಿರುವರೆಂದು ಇತರರ ಮಾತನ್ನು ತರಬಾರದು. ಅಣ್ಣನಿಗೆ ತಮ್ಮನೂ, ಅತ್ತೆಗೆ ಸೊಸೆಯೂ ನೇರವಾಗಿ ಹೇಳಲಾರದಿರಬಹುದು. ಅಂತಹ ಕಡೆ ಸಲಿಗೆಯುಳ್ಳ ಒಬ್ಬರ ಮೂಲಕ ತಿಳಿಸುವುದು ಲೇಸು. ‘ಈಚೆಗೆ ನಿಮ್ಮ ವಸಡಿನಲ್ಲಿ ಏನೋ ತೊಂದರೆ ಇರುವಂತಿದೆ, ಒಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸೋಣ, ನಾನೂ ಜೊತೆಗೆ ಬರುತ್ತೇನೆ’ ಎಂದು ಹೆಂಡತಿ ಗಂಡನಿಗೆ ಹೇಳಿದರೆ ಅದರಲ್ಲಿ ಅವಮಾನವೇನಿದೆ? ಹೇಳಿದವರ ಮೇಲೆ ಮುನಿಯದಿರುವುದು ಕೇಳಿದವರ ಧರ್ಮ. ಆ ಮಾತನ್ನು ಹೇಳುವುದಕ್ಕೆ ಅವರು ಎಷ್ಟು ದಿನ ಹಿಂಜರಿದಿದ್ದರೋ, ಎಷ್ಟು ಪ್ರೀತಿಯಿಂದ ಧೈರ್ಯ ತಂದುಕೊಂಡರೋ ಎಂಬುದನ್ನು ನೆನೆಯಬೇಕು.

ಕುರ್ಚಿಯನ್ನು ಹಿಂದಕ್ಕೆ ಸರಿಸುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಸಿಗುವರು. ಹತ್ತಿರಕ್ಕೆ ಬಂದು ಕಿವಿಯಲ್ಲಿ ಹೇಳುವವರು ಒಬ್ಬರಿದ್ದರೆ ಅದೇ ಭಾಗ್ಯ.